ಅಕ್ಕನಿಗೆ ಹೇಳಿದ ಮಾತು

ಗೇಟಿನ ಲೈಟು ಕೆಂಪಾಯಿತು!

ಪ್ರಾಜಕ್ತಾ ಕಾರ್ಡನ್ನು ಮತ್ತೊಮ್ಮೆ ಒತ್ತಿ ಹಿಡಿದಳು. ಮತ್ತೆ ಕೆಂಪು. ಮೂರನೇ ಸಲವೂ ಕೆಂಪೇ...

ಮುಂಬೈ ಬದಿಯ ಐರೋಲಿಯ ಆ ಹನ್ನೊಂದು ಮಹಡಿಯ ಕಂಪನಿಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಆ ಕೆಂಪು ಲೈಟಿಗೆ. ಹೋದ ತಿಂಗಳು ಐದನೇ ಮಹಡಿಯ ಹದಿನಾಲ್ಕು ಜನರಿಗೆ ಕೆಲಸ ಹೋದದ್ದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೆಳಿಗ್ಗೆ ಬಂದರು, ಕಾರ್ಡ್ ತೋರಿಸಿದರು, ಗೇಟು ತೆರೆಯಲಿಲ್ಲ. ಅಷ್ಟೇ! ನಲವತ್ತು ಸಾವಿರ ಜನ ದುಡಿಯುವ ಕಂಪನಿಗೆ ಹದಿನಾಲ್ಕು ಜನರನ್ನು ಕೂರಿಸಿ ಮಾತಾಡುವ ಪುರುಸೊತ್ತು ಎಲ್ಲಿಂದ ಬರಬೇಕು?

'ನಂದೂ ಹೋತೇನು? ಅಪ್ಪಾಗ ಏನಂತ ಹೇಳ್ಲಿ?'

ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಆಗ ಬೆನ್ನಿಗೇ ಒಂದು ದನಿ ಕೇಳಿಸಿತು... ಅಪ್ಪಟ ಮೈಸೂರಿನ ಕನ್ನಡ!

"ಅಕ್ಕಾ, ಒಂದ್ನಿಮಿಷ ಲೈನಲ್ಲಿರು. ಇಲ್ಲೊಂದು ಹುಡುಗಿ ಕಾರ್ಡ್ ಕೆಲಸ ಮಾಡ್ತಿಲ್ಲ. ಪಾಪ ಕಣೇ, ಇನ್ನೇನು ಅತ್ತೇ ಬಿಡ್ತಾಳೆ..."

ಪ್ರಾಜಕ್ತಾಳ ಕಿವಿ ಬಿಸಿಯಾಯಿತು. ತಿರುಗಿ ನೋಡಿದಳು. ಮೂವತ್ತರ ಆಸುಪಾಸಿನ ಎತ್ತರದ ಆಳು. ಹೊಸ ಅಂಗಿ, ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು.

"ಮೇಡಂ, ಕಾರ್ಡ್... ಥೋಡಾ ಸಾಫ್ ಕರೋ..." ಎಂದು ಹಿಂದಿಯಲ್ಲಿ ಒದ್ದಾಡುತ್ತಾ ಕರವಸ್ತ್ರ ಚಾಚಿದ.

ಒರೆಸಿದಳು. ಹಸಿರು! ಅವಳು ಹಿಂದೆ ತಿರುಗದೆ ಒಳಗೆ ಓಡಿದಳು. ಥ್ಯಾಂಕ್ಸ್ ಹೇಳಲಿಲ್ಲ. ತಾನೂ ಕನ್ನಡದವಳೇ ಎಂದು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಮುಂದಿನ ಮೂರು ತಿಂಗಳ ಸಂಕಟ ಇಬ್ಬರಿಗೂ ತಪ್ಪುತ್ತಿತ್ತು.

ಅರ್ಧ ಗಂಟೆಯಲ್ಲಿ ಅದೇ ಮನುಷ್ಯ ಏಳನೇ ಮಹಡಿಗೆ ಬಂದು ನಿಂತ. ಹೆಸರು ಜಯಂತ್. ಬೆಂಗಳೂರು ಆಫೀಸಿನಿಂದ ವರ್ಗವಾಗಿ ಬಂದ ಹೊಸ ಮ್ಯಾನೇಜರ್!

ಒಬ್ಬೊಬ್ಬರ ಹೆಸರು ಕೇಳುತ್ತಾ ಬಂದ. "ಪ್ರಾಜಕ್ತಾ ಪಾಟೀಲ... ಆಪ್ ಮರಾಠಿ?"

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಟೇಬಲಿನ ಮನೀಶ ಉತ್ತರ ಕೊಟ್ಟಾಗಿತ್ತು. "ಏಕದಮ್! ಪಕ್ಕೀ ಡೋಂಬಿವಲೀಕರ್!"

ಅಪ್ಪಟ ಡೊಂಬಿವಲಿಯವಳಂತೆ! ಎಲ್ಲರೂ ನಕ್ಕರು. ಅವಳೂ ನಕ್ಕಳು. ಇಂಡಿ ತಾಲೂಕಿನಿಂದ ಬಂದ ಪಾಟೀಲರ ಮಗಳನ್ನು ಮುಂಬೈ ಕಡೆ ಯಾರು ಕನ್ನಡದವಳೆಂದು ತಿಳಿದಾರು? ಗೇಟಿನಲ್ಲಿ ಅವನು ಆಡಿದ ಮಾತು ತನಗೆ ತಿಳಿಯಿತೆಂದು ಮ್ಯಾನೇಜರಿಗೆ ಹೇಳುವುದಕ್ಕೆ ಅವಳಿಗೆ ನಾಚಿಕೆ. ನಾಳೆ ಹೇಳಿದರಾಯಿತು ಎಂದುಕೊಂಡಳು.

ಆ ನಾಳೆ ಬರಲೇ ಇಲ್ಲ.

ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನೂಕುನುಗ್ಗಲು. ಪ್ರಾಜಕ್ತಾ ಡಬ್ಬಿ ಹಿಡಿದು ಹಿಂದಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿದ್ದದ್ದೂ ಅಲ್ಲಿನ ಕಿಟಕಿಯ ಹತ್ತಿರವೇ. ಜಯಂತ್ ದಿನಾ ಅಲ್ಲಿಗೆ ಬಂದು ಮೈಸೂರಿನ ಅಕ್ಕ ಪಂಕಜಾಗೆ ಫೋನು ಹಚ್ಚುತ್ತಿದ್ದ. ಅವಳನ್ನು ಕಂಡು ತಲೆಯಾಡಿಸಿ, ನಿಶ್ಚಿಂತೆಯಿಂದ ಮಾತು ಶುರು ಮಾಡುತ್ತಿದ್ದ. ಮರಾಠಿ ಹುಡುಗಿ, ಇವಳಿಗೇನು ತಿಳಿದೀತು ಎಂಬ ಧೈರ್ಯ!

ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಅಮ್ಮನ ಮಂಡಿನೋವು, ಅವನೇ ಮಾಡಿಕೊಂಡ ಸಾರಿನ ರುಚಿಗೇಡು, ಲೋಕಲ್ ರೈಲಿನ ಗದ್ದಲದಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಇಳಿಯಲಾಗದೆ ಮುಲುಂಡ್‌ವರೆಗೂ ಹೋದ ಪಾಡು... ಕೇಳುತ್ತಾ ಕೇಳುತ್ತಾ ಅವಳಿಗೆ ಅದು ಊಟದ ಜೊತೆಗಿನ ಅಭ್ಯಾಸವಾಯಿತು. ಅವನು ಫೋನು ಮಾಡದ ದಿನ ಚಪಾತಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

'ಕದ್ದು ಕೇಳೂದು ತಪ್ಪು. ನಾಳಿಯಿಂದ ಪ್ಯಾಂಟ್ರ್ಯಾಗ ಕುಂದರತೀನಿ' ಎಂದು ದಿನಾ ಆಣೆ ಮಾಡಿಕೊಳ್ಳುತ್ತಿದ್ದಳು. ಮರುದಿನ ಕಾಲು ತಾನಾಗಿ ಮೆಟ್ಟಿಲ ಕಡೆ ನಡೆಯುತ್ತಿತ್ತು.

ಮನೆಯಲ್ಲಿ ಬೇರೆಯೇ ಭಯ. ಅಪ್ಪ ಕಾಡಪ್ಪನ ಹೃದಯದ ವಾಲ್ವ್ ಕೆಟ್ಟಿತ್ತು. ಡಿಸೆಂಬರ್ ಹದಿನೆಂಟಕ್ಕೆ ಠಾಣೆಯ ಆಸ್ಪತ್ರೆಯಲ್ಲಿ ಆಪರೇಶನ್ ಎಂದು ನಿಗದಿಯಾಗಿತ್ತು. ಖರ್ಚೆಲ್ಲ ಅವಳ ಕಂಪನಿಯ ಇನ್ಶೂರೆನ್ಸಿನದು. ಆ ಕೆಲಸ ಇದ್ದರೆ ಆಪರೇಶನ್, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳವಾದ ಲೆಕ್ಕ ಅವಳ ನಿದ್ದೆ ತಿಂದುಹಾಕಿತ್ತು.

ಅದರ ನಡುವೆ ಒಂದು ಭಾನುವಾರ ಠಾಣೆಯ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನಿಂದ ಲಕ್ಷ್ಮೀಕಾಂತರ ಫೋನು ಬಂತು. ಗದಗದವರು, ಅಪ್ಪನ ಪರಿಚಯ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಇಪ್ಪತ್ತು ಜನರ ಕಂಪನಿ ಅವರದು. "ಬಾರವಾ ನಮ್ಮಲ್ಲಿ. ಜವಾಬ್ದಾರಿ ಐತಿ, ಬೆದರಿಕಿ ಇಲ್ಲ" ಎಂದು ಕರೆದಿದ್ದರು. ಆದರೆ ಇನ್ಶೂರೆನ್ಸ್ ಇರಲಿಲ್ಲ.

ಡೊಂಬಿವಲಿಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಚರ್ಚೆಯೋ ಚರ್ಚೆ.

"ಬ್ಯಾಡ" ಎಂದ ಕಾಡಪ್ಪ, ಏದುಸಿರಿನಲ್ಲೇ. "ನಾ ಅದ ವಾಗ್ಳೆ ಎಸ್ಟೇಟಿನ್ಯಾಗ ಇಪ್ಪತ್ತಾರು ವರ್ಷ ಮಿಶನ್ ನಡಿಸೀನಿ. ಮಾಲಕ ದೇವರಂಥಾಂವ ಇದ್ದ. ಆಂವ ಸತ್ತ ವಾರದಾಗ ಮಕ್ಕಳು ಕೀಲಿ ಹಾಕಿದ್ರು. ದೊಡ್ಡ ಕಂಪನ್ಯಾಗ ಮಾಲಕನ ಮಾರಿ ಯಾರೂ ನೋಡಿಲ್ಲ, ಖರೆ. ಆದ್ರ ನಿನ್ನ ಕಾರ್ಡ್ ನೋಡಿದ ಕೂಡ್ಲೆ ಆಸ್ಪತ್ರ್ಯಾಗ ನನಗ ಕುರ್ಚಿ ಕೊಡ್ತಾರ."

"ಕುರ್ಚಿ ಕೊಡ್ಲಿ ಬಿಡ್ರಿ" ಎಂದಳು ಅವ್ವ ಬಸವಣ್ಣೆವ್ವ. "ಫೋನ್ ಟಿಣ್ ಅಂದ್ರ ಸಾಕು, ಹುಡುಗಿ ತಾಟ್ ಬಿಟ್ಟು ಏಳ್ತಾಳ. ಮೊದಲ ಹಿಂಗಿದ್ಲೇನು? ಅದನ್ನ ಯಾವ ಇನ್ಶೂರೆನ್ಸಿನವ್ರು ನೋಡ್ತಾರ?"

ಇಬ್ಬರು ಹೇಳಿದ್ದೂ ನಿಜವಾಗಿತ್ತು. ಅದೇ ಕಷ್ಟ! ಪ್ರಾಜಕ್ತಾ ಲಕ್ಷ್ಮೀಕಾಂತರಿಗೆ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಆಪರೇಶನ್ನಿಗೆ ರಜೆ ಕೇಳಿದ ದಿನ ಜಯಂತ್ ಒಂದೇ ನಿಮಿಷದಲ್ಲಿ ಮಂಜೂರು ಮಾಡಿದ. ಅಂದು ಮಧ್ಯಾಹ್ನ ಕಿಟಕಿಯ ಹತ್ತಿರ ಅವನ ದನಿ ಎಂದಿಗಿಂತ ಸಣ್ಣದಾಗಿತ್ತು.

"ಅಕ್ಕಾ, ಪ್ರಾಜಕ್ತಾ ಅಂತ ಹೇಳ್ತಿದ್ನಲ್ಲ... ಅವಳ ತಂದೆಗೆ ಹಾರ್ಟ್ ಆಪರೇಶನ್. ರಜೆ ಅರ್ಜೀಲಿ ತಾರೀಖನ್ನೇ ಎರಡು ಸಲ ತಪ್ಪು ಬರೆದ್ಲು, ಆದ್ರೂ ಮುಖದಲ್ಲಿ ನಗು ಇಟ್ಕೊಂಡೇ ಇದ್ಲು. ನಂಗೆ... ತುಂಬಾ ಇಷ್ಟ ಆಗ್ಬಿಟ್ಟಿದಾಳೆ ಅಕ್ಕ. ಇಲ್ಲ ಕಣೇ, ಹೇಳಲ್ಲ. ಹೇಳೋ ಹಾಗಿಲ್ಲ."

ನಾಲ್ಕು ಮೆಟ್ಟಿಲು ಕೆಳಗೆ ಕೂತಿದ್ದವಳ ಕೈಯಲ್ಲಿ ತುತ್ತು ಹಾಗೇ ನಿಂತಿತು!

ತಿರುಗಿ ನೋಡಿದರೆ ಸಿಕ್ಕಿಬೀಳುತ್ತಾಳೆ, ಎದ್ದು ಹೋದರೂ ಸಿಕ್ಕಿಬೀಳುತ್ತಾಳೆ. ತಲೆ ತಗ್ಗಿಸಿ ಕೂತೇ ಇದ್ದಳು. ಅವನು ಹೋದ ಮೇಲೆ ಅತ್ತಳು, ಅಳುತ್ತಲೇ ನಕ್ಕಳು. ಇಷ್ಟು ಭಯದ ನಡುವೆ ಇಂಥ ಸುಖವೂ ಬರುತ್ತದೆಂದು ಅವಳಿಗೆ ಯಾರು ಹೇಳಿದ್ದರು?

ಡಿಸೆಂಬರಿನ ಮೊದಲ ವಾರ ಕಂಪನಿಯಲ್ಲಿ ಗಾಳಿಯೇ ಬದಲಾಯಿತು. ಎಚ್‌ಆರ್‌ನಿಂದ ಹದಿನೈದು ನಿಮಿಷದ ಮೀಟಿಂಗಿನ ಕರೆ ಬರತೊಡಗಿತು. ಕರೆ ಬಂದವರು ಹೋಗಿ, ಬರಿಗೈಯಲ್ಲಿ ಹೊರಬಂದು, ಯಾರ ಮುಖವನ್ನೂ ನೋಡದೆ ಲಿಫ್ಟ್ ಹತ್ತುತ್ತಿದ್ದರು.

ಮನೀಶ ಪಿಸುಗುಟ್ಟಿದ. "ಸುನ್. ಖುದ್ ರಿಸೈನ್ ಕಿಯಾ ತೋ ಸಾಠ್ ದಿನ್ ನೋಟೀಸ್, ತಬ್ ತಕ್ ಇನ್ಶೂರೆನ್ಸ್ ಚಾಲೂ. ಉನ್ಹೋಂನೇ ನಿಕಾಲಾ ತೋ ಉಸೀ ದಿನ್ ಸಬ್ ಬಂದ್."

ತಾನಾಗಿ ಬಿಟ್ಟರೆ ಎರಡು ತಿಂಗಳು ವಿಮೆ ಉಳಿಯುತ್ತದೆ. ಅವರು ತೆಗೆದರೆ ಅದೇ ದಿನ ಎಲ್ಲ ಮುಗಿಯಿತು! ಆ ಮಾತು ಪ್ರಾಜಕ್ತಾಳ ತಲೆಯಲ್ಲಿ ಕೂತುಬಿಟ್ಟಿತು. 'ಜಯಂತ್ ಸರ್ ಇರೂ ತನಕ ನನ್ನ ಹೆಸರು ಹೋಗೂದಿಲ್ಲ' ಎಂಬ ಒಂದೇ ಸಮಾಧಾನ ಅವಳಿಗಿತ್ತು.

ಡಿಸೆಂಬರ್ ಒಂಬತ್ತು, ಮಂಗಳವಾರ. ಎಂದಿನ ಮೆಟ್ಟಿಲು, ಎಂದಿನ ಹೊತ್ತು. ಅವನ ಮುಖ ಕಪ್ಪಿಟ್ಟಿತ್ತು.

"ಬರೆದುಕೊಟ್ಟೆ ಅಕ್ಕ. ಪ್ರಾಜಕ್ತಾನ ನನ್ನ ಟೀಮಿಂದ ತೆಗೀರಿ ಅಂತ... ನಾನೇ ಬರೆದುಕೊಟ್ಟೆ. ಇಲ್ಲ, ಅವಳಿಗೆ ಇನ್ನೂ ಗೊತ್ತಿಲ್ಲ. ಆರ್ಡರ್ ಬರೋವರೆಗೆ ಹೇಳಬಾರದು ಅಂದಿದಾರೆ. ನಾಳೆಯಿಂದ ಅವಳು ಕಣ್ಣಿಗೆ ಬೀಳಲ್ಲ. ಅಭ್ಯಾಸ ಮಾಡ್ಕೋಬೇಕು, ಏನ್ ಮಾಡೋದು..."

ಪ್ರಾಜಕ್ತಾಳ ಕಣ್ಣು ಕತ್ತಲಿಟ್ಟಿತು.

'ಇವರ? ಇವರ ಕೈಯಾರೆ ನನ್ನ ಹೆಸರು ಕೊಟ್ರಾ? ಇಷ್ಟ ಅಂದಿದ್ದ ಬಾಯಿಲೆ?'

ಡಬ್ಬಿ ಅಲ್ಲೇ ಬಿಟ್ಟು ಸೀಟಿಗೆ ಬಂದಳು. ಮೂರೂವರೆಯವರೆಗೂ ಒಂದೇ ಲೆಕ್ಕ ಹಾಕುತ್ತಾ ಕೂತಳು. ಆಪರೇಶನ್ನಿಗೆ ಒಂಬತ್ತು ದಿನ. ನಾಳೆ ಅವರು ತೆಗೆದರೆ ನಾಳೆಯೇ ವಿಮೆ ಬಂದ್. ಇವತ್ತೇ ತಾನು ಬಿಟ್ಟರೆ ಸಾಠ್ ದಿನ್... ಅಪ್ಪ ಬದುಕುತ್ತಾನೆ. ಪ್ರೀತಿ, ಮೋಸ, ಅಳು ಎಲ್ಲ ಆಮೇಲೆ!

ಪೋರ್ಟಲ್ ತೆರೆದಳು. ರಾಜೀನಾಮೆ. ಕಾರಣ: ಸ್ವಂತ. ಒತ್ತಿಬಿಟ್ಟಳು.

ಐದು ನಿಮಿಷವೂ ಆಗಿರಲಿಲ್ಲ, ಜಯಂತ್ ಓಡಿಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಗಾಜಿನ ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದ.

"ಯೇ ಕ್ಯಾ ಕಿಯಾ ಆಪ್ನೇ? ಕ್ಯೋಂ ರಿಸೈನ್... ಕ್ಯೋಂ?"

ಮೂರು ತಿಂಗಳು ಕಟ್ಟಿಹಾಕಿದ್ದ ಬಾಯಿ ಒಡೆದುಹೋಯಿತು.

"ಯಾಕ ಅಂತ ನೀವು ಕೇಳ್ತೀರೇನ್ರಿ ಸರ್? ನನ್ನ ತೆಗೀರಿ ಅಂತ ಬರದು ಕೊಟ್ಟವ್ರು ನೀವ! ನಾಳಿಯಿಂದ ಕಣ್ಣಿಗೆ ಬೀಳೂದಿಲ್ಲ ಅಂತ ಅಕ್ಕಾಗ ಹೇಳಿದವ್ರೂ ನೀವ! ಒಂಬತ್ತು ದಿನ ತಡೀಲಿಕ್ಕೆ ಆಗಲಿಲ್ಲೇನು ನಿಮಗ? ನಮ್ಮಪ್ಪಾ ಏನ್ ಮಾಡಿದ್ದ ನಿಮಗ?"

ಜಯಂತ್ ಬಾಯಿ ತೆರೆದವನು ತೆರೆದಂತೆಯೇ ನಿಂತ.

"ನೀವು... ನಿಮಗೆ ಕನ್ನಡ ಬರುತ್ತಾ?!"

"ಹುಟ್ಟಿದಾಗಿಂದ ಬರ್ತದ!"

"ಅಂದ್ರೆ ಇಷ್ಟು ದಿನ ನಾನು... ಅಲ್ಲಿ..." ಅವನ ಮುಖ ಕೆಂಪೇರಿತು, ಮತ್ತೆ ಬಿಳಿಚಿಕೊಂಡಿತು. ನಾಚಿಕೊಳ್ಳಲು ಅವನಿಗೆ ಸಮಯವಿರಲಿಲ್ಲ. "ಪ್ರಾಜಕ್ತಾ, ನೀವು ಕೇಳಿದ್ದು ನಿಜ. ಟೀಮಿಂದ ತೆಗೀರಿ ಅಂದೆ. ಕಂಪನಿಯಿಂದ ಅಲ್ಲ! ಈ ಟೀಮನ್ನೇ ಮುಚ್ತಿದಾರೆ. ಎಂಟೂ ಜನ... ಇವತ್ತೇ ಕೊನೆ. ಬೇರೆ ಟೀಮಲ್ಲಿ ಒಂದೇ ಒಂದು ಜಾಗ ಇತ್ತು. ನಿಮ್ಮ ರಜೆ ಅರ್ಜಿ, ಆಸ್ಪತ್ರೆ ಕಾಗದ ಹಿಡ್ಕೊಂಡು ನಾಲ್ಕು ದಿನ ಓಡಾಡಿ ಆ ಜಾಗ ನಿಮಗೆ ಕೊಡಿಸಿದೆ. ರಾಜೀನಾಮೆ ಕೊಟ್ಟವರನ್ನ ವರ್ಗ ಮಾಡಲ್ಲ. ಈ ಗಲಾಟೆಯಲ್ಲಿ ನೋಟಿಸ್ ಅವಧಿನೂ ಕೊಡ್ತಿಲ್ಲ, ಇವತ್ತೇ ಹೋಗಿ ಅಂತಿದಾರೆ..."

ತನ್ನ ಕೈಯಿಂದಲೇ ಅಪ್ಪನ ಆಪರೇಶನ್ ತಪ್ಪಿಸಿದೆನೇ?

"ಎಂಟೂ ಜನ ಅಂದ್ರ... ಮನೀಶ?"

"ಹೂಂ."

"ನೀವು?"

"ನಾನೂ. ನಾಲ್ಕು ಗಂಟೆಗೆ ನನ್ನ ಲಾಗಿನ್ ಬಂದ್ ಆಗುತ್ತೆ. ಅಕ್ಕಂಗೆ ಇನ್ನೂ ಹೇಳಿಲ್ಲ." ಗಡಿಯಾರ ನೋಡಿದ. "ಮೂರು ನಲವತ್ತೊಂದು. ರಾಜೀನಾಮೆ ವಾಪಸ್ ತಗೊಳ್ತೀನಿ ಅಂತ ಹಾಕಿ. ಮಂಜೂರು ಮಾಡಬೇಕಾದವನು ನಾನೇ. ಬೇಗ!"

ಇಬ್ಬರೂ ಓಡಿದರು. ಪೋರ್ಟಲ್ ತೆರೆಯುತ್ತಿಲ್ಲ. ಇಡೀ ಕಟ್ಟಡದ ಜನ ಅದೇ ಪೋರ್ಟಲಿಗೆ ನುಗ್ಗಿದ್ದರು. ಪರದೆಯ ಮೇಲೆ ಗುಂಡಗೆ ಒಂದು ಗೆರೆ ಸುತ್ತುತ್ತಲೇ ಇತ್ತು...

ಮೂರು ನಲವತ್ತೆಂಟು. ತೆರೆಯಿತು. ಕಾರಣ ಬರೆಯಲು ಕೇಳಿತು. 'ತಪ್ಪಾಯಿತು' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.

ಮೂರು ಐವತ್ತೆರಡು. ಅವನ ಪರದೆಗೆ ಬರಲಿಲ್ಲ.

"ಬಂತೇನ್ರಿ?"

"ಇನ್ನೂ ಇಲ್ಲ..."

ಕೆಳಗಿನಿಂದ ಸೆಕ್ಯುರಿಟಿಯವನು ಲ್ಯಾಪ್‌ಟಾಪ್ ವಾಪಸು ಪಡೆಯಲು ಬಂದು ಅವನ ಕುರ್ಚಿಯ ಹಿಂದೆ ನಿಂತ. ಪ್ರಾಜಕ್ತಾ ಕುಲದೇವರನ್ನೆಲ್ಲ ನೆನೆದಳು. ಜಯಂತನ ಹಣೆಯ ಬೆವರು ಕೀಬೋರ್ಡಿನ ಮೇಲೆ ಬಿತ್ತು.

ಮೂರು ಐವತ್ತೇಳು. ಬಂತು! ಒತ್ತಿದ. ಮಂಜೂರಾಯಿತು. ಆ ಕಂಪನಿಯಲ್ಲಿ ಅವನು ಮಾಡಿದ ಕೊನೆಯ ಕೆಲಸ ಅದೇ.

ಮೂರೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಆರು ವರ್ಷ ದುಡಿದವನನ್ನು ಸೆಕ್ಯುರಿಟಿಯವನು ಹೆಸರು ಸಹ ಹೇಳದೆ "ಚಲಿಯೇ" ಎಂದು ಕರೆದ. ಪ್ರಾಜಕ್ತಾ ನೋಡುತ್ತಾ ನಿಂತಳು. ಇದೇ ಕಂಪನಿ ಅಪ್ಪನ ಪ್ರಾಣ ಉಳಿಸಲು ಹೊರಟಿದೆ, ಇದೇ ಕಂಪನಿ ಇಂಥವನನ್ನು ಹೊರಗೆ ದೂಡುತ್ತಿದೆ. ಕೈ ಮುಗಿಯಬೇಕೋ ಶಾಪ ಹಾಕಬೇಕೋ ಅವಳಿಗೆ ತಿಳಿಯಲಿಲ್ಲ.

ಲಿಫ್ಟಿನ ಬಾಗಿಲಲ್ಲಿ ಒಂದು ಚೀಟಿಯಲ್ಲಿ ಲಕ್ಷ್ಮೀಕಾಂತರ ನಂಬರ್ ಬರೆದು ಅವನ ಕೈಗೆ ತುರುಕಿದಳು. "ಇವ್ರಿಗೆ ಫೋನ್ ಹಚ್ರಿ. ಕಾಡಪ್ಪನ ಮಗಳು ಹೇಳ್ಯಾಳ ಅನ್ರಿ" ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಹೊಸ ಟೀಮಿನ ಆರ್ಡರ್ ಮರುದಿನ ಬಂತು. ಮನೀಶ ಅವಳಿಗೆ ಶುಭಾಶಯದ ಮೆಸೇಜ್ ಕಳಿಸಿದ. ಅವಳು ಎರಡು ದಿನ ಉತ್ತರ ಬರೆದು ಬರೆದು ಅಳಿಸಿದಳು.

ಡಿಸೆಂಬರ್ ಹದಿನೆಂಟು. ಠಾಣೆಯ ಆಸ್ಪತ್ರೆ, ಬೆಳಗಿನ ಎಂಟು ಗಂಟೆ.

ಕಾಡಪ್ಪನನ್ನು ಸ್ಟ್ರೆಚರ್ ಗಾಡಿಯ ಮೇಲೆ ಮಲಗಿಸಿ ಆಗಿತ್ತು. ವಿಮೆಯ ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು.

"ಮ್ಯಾಡಮ್, ಇಥೇ ರಿಸೈನ್ಡ್ ದಾಖವತಂಯ. ಅಪ್ರೂವಲ್ ಥಾಂಬಲಂಯ."

ರಾಜೀನಾಮೆ ಕೊಟ್ಟವಳೆಂದು ತೋರಿಸುತ್ತಿದೆ, ವಿಮೆಯ ಮಂಜೂರಾತಿ ನಿಂತಿದೆ! ಪ್ರಾಜಕ್ತಾ ಕೌಂಟರಿನ ಅಂಚು ಹಿಡಿದುಕೊಂಡಳು. ಅತ್ತ ಅಪ್ಪ ಗಾಡಿಯ ಮೇಲಿಂದ ಅವಳತ್ತ ನೋಡಿ ನಗುತ್ತಿದ್ದ, ಮಗಳ ಕಂಪನಿ ಎಂಬ ಭರವಸೆಯಲ್ಲಿ...

"ವಾಪಸ್ ಘೇತಲಂಯ! ಹೇ ಬಘಾ..."

ರಾಜೀನಾಮೆ ವಾಪಸ್ ಪಡೆದಾಗಿದೆ, ಇದನ್ನು ನೋಡಿ ಎನ್ನುತ್ತಾ ಅವಳ ಹೆಗಲ ಮೇಲಿಂದ ಒಂದು ಕೈ ಫೋನು ಚಾಚಿತು. ಹರಕು ಮುರುಕು ಮರಾಠಿ, ಆದರೆ ದನಿ ಗಟ್ಟಿ. ಜಯಂತ್! ಮಂಜೂರಾದ ಪತ್ರದ ಫೋಟೋ ಅವನ ಫೋನಿನಲ್ಲಿತ್ತು. ಲಾಗಿನ್ ಮುಚ್ಚುವ ಮೊದಲಿನ ಮೂರು ನಿಮಿಷದಲ್ಲಿ ತೆಗೆದಿಟ್ಟದ್ದು.

"ದೊಡ್ಡ ಕಂಪನಿಗಳಲ್ಲಿ ಒಂದು ಸಿಸ್ಟಮ್‌ಗೆ ಗೊತ್ತಾಗಿದ್ದು ಇನ್ನೊಂದಕ್ಕೆ ತಿಂಗಳಾದ್ರೂ ಗೊತ್ತಾಗಲ್ಲ" ಎಂದ ಮೆಲ್ಲಗೆ. "ಅದೇ ಭಯ ಇತ್ತು ನಂಗೆ. ಅದಕ್ಕೇ ಬಂದೆ."

ಹೆಂಗಸು ಫೋಟೋ ಕಳಿಸಿದಳು, ಫೋನು ಮಾಡಿದಳು, ಕಾದಳು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಪ್ರಾಜಕ್ತಾ ಎಷ್ಟು ಸಲ ಸತ್ತು ಹುಟ್ಟಿದಳೋ! ಕೊನೆಗೆ ಹೆಂಗಸು ತಲೆಯೆತ್ತಿ, "ಝಾಲಂ" ಎಂದಳು. ಮಂಜೂರಾಗಿತ್ತು! ಗಾಡಿ ಮುಂದೆ ಸರಿಯಿತು.

ಐದು ಗಂಟೆಯ ಕಾಲ ಅವ್ವ, ಮಗಳು, ಜಯಂತ್ ಒಂದೇ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಡಾಕ್ಟರ್ ಹೊರಬಂದು, ವಾಲ್ವ್ ಚೆನ್ನಾಗಿ ಕೂತಿದೆ, ಅಪಾಯವಿಲ್ಲ ಎಂದರು. ಬಸವಣ್ಣೆವ್ವ ಅಲ್ಲೇ ಗೋಡೆಗೆ ಹಣೆ ಹಚ್ಚಿ ಅತ್ತಳು. ಆಮೇಲೆ ಜಯಂತನ ಕಡೆ ತಿರುಗಿದಳು.

"ಯಾವೂರಪ್ಪಾ ನಿಂದು?"

"ಮೈಸೂರಮ್ಮ."

"ಭಾಳ ದೂರಾತು" ಎಂದು ಅವನ ಗಲ್ಲ ನೇವರಿಸಿ, ಗಂಡನನ್ನು ಗಾಜಿನಾಚೆಯಿಂದಾದರೂ ನೋಡಲು ಹೋದಳು.

ಬೆಂಚಿನ ಮೇಲೆ ಇಬ್ಬರೇ ಉಳಿದರು.

"ವಾಗ್ಳೆ ಎಸ್ಟೇಟ್ ಹೆಂಗೈತ್ರಿ?" ಅವಳೇ ಮಾತು ತೆಗೆದಳು.

"ನಾಲ್ಕು ದಿನ ಆಯ್ತು. ಇಪ್ಪತ್ತು ಜನ, ಎಲ್ಲರಿಗೂ ನನ್ನ ಹೆಸರು ಗೊತ್ತು. ಚಹಾ ಲಕ್ಷ್ಮೀಕಾಂತ್ ಸಾರೇ ಮಾಡ್ತಾರೆ, ಬಾಯಿಗೆ ಇಡೋಕಾಗಲ್ಲ. ಇನ್ಶೂರೆನ್ಸ್ ಇಲ್ಲ. ಮುಂದಿನ ವರ್ಷ ಕಂಪನಿ ಇರುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಹೆದರಿಕಿ ಆಗ್ತದೇನು?"

"ಆಗುತ್ತೆ. ಆದ್ರೆ ಹೆದರಿಕೆ ಆಯ್ತು ಅಂತ ಅಲ್ಲಿ ಜೋರಾಗಿ ಹೇಳಬಹುದು."

ಅವಳು ತಲೆ ತಗ್ಗಿಸಿದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ನನ್ನದೊಂದು ತಪ್ಪೈತ್ರಿ. ಮೂರು ತಿಂಗಳು ನಿಮ್ಮ ಮಾತು ಕದ್ದು ಕೇಳೀನಿ. ದಿನಾ. ಬೇಕಂತ."

"ಎಲ್ಲಾನೂ ಕೇಳಿದ್ರಾ?" ಅವನ ಕಿವಿ ಕೆಂಪಾಗಿತ್ತು.

"ಎಲ್ಲಾ. ಅಕ್ಕಾಗ ಇಷ್ಟ ಅಂತ ಹೇಳಿದ್ದೂ ಕೇಳೀನಿ. ನನಗ ಯಾಕ ಹೇಳಲಿಲ್ರಿ?"

ಅವನು ಕೈಯಲ್ಲಿದ್ದ ಫೋನನ್ನು ಜೇಬಿಗಿಟ್ಟ.

"ನಾನು ನಿಮ್ಮ ಮ್ಯಾನೇಜರ್ ಆಗಿದ್ದೆ. ನಿಮ್ಮ ರಜೆ, ನಿಮ್ಮ ಕೆಲಸ, ನಿಮ್ಮಪ್ಪನ ಆಪರೇಶನ್... ಎಲ್ಲಾ ನನ್ನ ಒಂದು ಬೆರಳಲ್ಲಿತ್ತು. ಅಂಥವನು ಬಂದು ಇಷ್ಟ ಅಂದ್ರೆ, ಬೇಡ ಅನ್ನೋಕೆ ನಿಮಗೆ ಧೈರ್ಯ ಎಲ್ಲಿಂದ ಬರ್ಬೇಕು? ಹೆದರಿ ಒಪ್ಪಿಕೊಂಡಿದ್ರೆ ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಉಸಿರೆಳೆದುಕೊಂಡ. "ಈಗ ನಾನು ನಿಮಗೆ ಯಾರೂ ಅಲ್ಲ. ಅದಕ್ಕೇ ಹೇಳ್ತೀನಿ. ನೀವು ಇಷ್ಟ, ಪ್ರಾಜಕ್ತಾ. ತುಂಬಾ."

ಮೂರು ತಿಂಗಳಲ್ಲಿ ಮೊದಲ ಬಾರಿ ಅವನ ಕನ್ನಡ ಅವಳನ್ನೇ ನೋಡುತ್ತಾ ಬಂದಿತ್ತು. ಅವಳ ಕಣ್ಣು ತುಂಬಿತು.

"ಈಗ ಬ್ಯಾಡ ಅನ್ನಾಕ ನನಗ ಯಾರ ಹೆದರಿಕೀನೂ ಇಲ್ರಿ" ಎಂದಳು.

ಅವನ ಮುಖ ಸಣ್ಣಗಾಯಿತು. "ಹಾಗಾದ್ರೆ...?"

"ಆದ್ರೂ ಬ್ಯಾಡ ಅನ್ನಂಗಿಲ್ಲ."